ಹೊಗೆ ಕುಡಿದವರ ದೊಡ್ಡವ್ವ

ದೊಡ್ಡವ್ವನಿಗೆ ಹುಬ್ಬುಗಳೇ ಇರಲಿಲ್ಲ. ಸುಣ್ಣದ ಭಟ್ಟಿಯ ಝಳಕ್ಕೆ ಅವು ಎಂದೋ ಸುಟ್ಟುಹೋಗಿದ್ದವು. ಚಿಗುರಿದರೆ ಮತ್ತೆ ಸುಡುತ್ತಿದ್ದವು. ಬೋಳು ಹಣೆಯ ಕೆಳಗೆ ಅವಳ ಕಣ್ಣುಗಳು ಇದ್ದದ್ದಕ್ಕಿಂತ ದೊಡ್ಡವಾಗಿ ಕಾಣುತ್ತಿದ್ದವು. ಸುಮ್ಮನೆ ನೋಡಿದರೂ ಜಗಳಕ್ಕೆ ನಿಂತಂತೆ ಇರುತ್ತಿತ್ತು. ಯಾರದಾದರೂ ಮದುವೆಗೆ ಹೋಗುವುದಿದ್ದರೆ ನಮ್ಮ ಮನೆಗೆ ಬಂದು, ನನ್ನ ಅಮ್ಮಿಯ ಮುಂದೆ ಗದ್ದ ಎತ್ತಿ ಕೂಡುವಳು.

“ಹುಬ್ಬ ಬರಿಯವಾ. ಹಿಂಗ ಹೋದ್ರ ಬೀಗರು ಅಂಜಿ ಓಡ್ತಾರ.”

ಅಮ್ಮಿ ಸುರ್ಮಾದ ಕಡ್ಡಿ ಹಿಡಿದು ಎರಡು ಗೆರೆ ಎಳೆಯುವಳು. ನಗು ತಡೆಯಲಾರದೆ ಒಂದು ಗೆರೆ ಮೇಲೆ, ಒಂದು ಕೆಳಗೆ ಆಗುತ್ತಿತ್ತು. ದೊಡ್ಡವ್ವ ಕನ್ನಡಿ ನೋಡಿಕೊಂಡು, “ಇರ್ಲಿ ಬಿಡು. ಒಂದ್ ಕಣ್ಣಿಗೆ ಸಿಟ್ಟು, ಒಂದ್ ಕಣ್ಣಿಗೆ ಸಮಾಧಾನ” ಎಂದು ಎದ್ದು ಹೋಗುವಳು.

ರಕ್ತಸಂಬಂಧದಲ್ಲಿ ಆಕೆ ನಮಗೆ ಏನೂ ಆಗಬೇಕಿರಲಿಲ್ಲ. ಅವರು ಲಿಂಗಾಯತರು, ನಾವು ಮುಸಲ್ಮಾನರು. ಹೂಲಿಯ ಗುಡ್ಡದ ಸಾಲು ರಾಮದುರ್ಗದ ದಿಕ್ಕಿಗೆ ಇಳಿಯುವಲ್ಲಿ ನಮ್ಮೂರು. ಊರಿನಿಂದ ತುಸು ಹೊರಗೆ, ಗುಡ್ಡಕ್ಕೆ ಹೋಗುವ ದಾರಿಯ ಮೇಲೆ ಭಟ್ಟಿ ಓಣಿ. ಬೈಲಹೊಂಗಲದ ಸಾವಕಾರರೊಬ್ಬರು ಅಲ್ಲಿ ಸುಣ್ಣದ ಭಟ್ಟಿ ಹಾಕಿದಾಗ ಕೆಲಸಕ್ಕೆ ಬಂದವರು ತಾವೇ ಕಟ್ಟಿಕೊಂಡ ಎರಡು ಸಾಲು ಮಣ್ಣಿನ ಮನೆಗಳು. ದಾರಿಯ ತಿರುವಿನಲ್ಲಿದ್ದ ಮನೆ ಅವಳದು, ಅದರ ಎದುರಿಗೆ ನಮ್ಮದು. ನನ್ನ ಅಬ್ಬಾ ಭಟ್ಟಿಗೆ ಕಲ್ಲಿದ್ದಲು ತರುವ ಲಾರಿಯ ಡ್ರೈವರ್. ಆ ಕಲ್ಲಿದ್ದಲನ್ನು ತಲೆಯ ಮೇಲೆ ಹೊತ್ತು ಭಟ್ಟಿಯ ನೆತ್ತಿಗೆ ಒಯ್ಯುವ ಹೆಂಗಸರಿಗೆಲ್ಲ ಅವಳೇ ಮುಂದಾಳು.

ಭಟ್ಟಿ ಎಂದರೆ ಎರಡು ಮಾಳಿಗೆ ಎತ್ತರದ, ಕಲ್ಲಿನಲ್ಲಿ ಕಟ್ಟಿದ ದೊಡ್ಡ ಕೊಳವೆ. ಅದರ ಬೆನ್ನಿಗೆ ಒಂದು ಇಳಿಜಾರು. ಹೆಂಗಸರು ತಲೆಗೆ ಸಿಂಬಿ ಇಟ್ಟು, ಬುಟ್ಟಿ ಹೊತ್ತು, ಆ ಇಳಿಜಾರು ಹತ್ತಿ ಒಂದು ಪದರ ಸುಣ್ಣದ ಕಲ್ಲು, ಒಂದು ಪದರ ಕಲ್ಲಿದ್ದಲು ಸುರಿಯಬೇಕು. ಕೆಳಗಿನ ಬಾಯಿಯಿಂದ ಬೆಂದ ಸುಣ್ಣ ತೆಗೆಯುತ್ತ ಹೋದಂತೆ ಮೇಲೆ ಮತ್ತೆ ತುಂಬಬೇಕು. ಬೆಂಕಿ ಆರುವುದೆಂಬುದೇ ಇಲ್ಲ. ನಮ್ಮ ಓಣಿಯ ಹಗ್ಗದ ಮೇಲೆ ಬಿಳಿಯ ಬಟ್ಟೆ ಬಿಳಿಯಾಗಿಯೇ ಒಣಗಿದ್ದನ್ನು ನಾನು ನೋಡಿರಲಿಲ್ಲ. ಕೆಮ್ಮು ಇಲ್ಲದ ಮನೆಯೂ ಇರಲಿಲ್ಲ. ದೊಡ್ಡವ್ವನ ಗಂಡ ಅದೇ ಕೆಮ್ಮಿನಲ್ಲಿ ಹೋಗಿದ್ದ. ಊರವರು ಅದನ್ನು ದಮ್ಮು ಎನ್ನುತ್ತಿದ್ದರು. ಭಟ್ಟಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಆಕೆ ಎತ್ತುತ್ತಿದ್ದಳು.

“ನನ್ನ ಗಂಡನ್ನ ದಮ್ಮ ಕೊಂದಿಲ್ಲ, ಈ ಭಟ್ಟಿ ಕೊಂದೈತಿ. ಹೊಟ್ಟಿಗೂ ಇದ ಹಾಕತೈತಿ. ಅದಕ್ಕ ಬೈಕೋಂತ ಬೈಕೋಂತ ಬುಟ್ಟಿ ಹೊರತೇನಿ.”

ನಿಜಕ್ಕೂ ಬೈಯುತ್ತಲೇ ಹೊರುತ್ತಿದ್ದಳು. ಇಳಿಜಾರು ಹತ್ತುವಾಗ ಒಂದೊಂದು ಹೆಜ್ಜೆಗೂ ಭಟ್ಟಿಗೆ ಒಂದೊಂದು ಬೈಗುಳ. ಹಿಂದೆ ಬರುವ ಹೆಂಗಸರು ಅದಕ್ಕೆ ದನಿ ಕೂಡಿಸುತ್ತಿದ್ದರು. ದೂರದಿಂದ ಕೇಳಿದವರಿಗೆ ಅದು ಹಾಡಿನ ಹಾಗೆ ಕೇಳಿಸುತ್ತಿತ್ತು.

ಆಯುಧಪೂಜೆಗೆ ಸಾವಕಾರರು ಬೈಲಹೊಂಗಲದಿಂದ ಬರುತ್ತಿದ್ದರು. ಬಿಳಿ ಧೋತರ, ಬಿಳಿ ಅಂಗಿ. ಗಾಳಿ ಬೀಸುವ ದಿಕ್ಕು ನೋಡಿ ಕಾರು ನಿಲ್ಲಿಸಿ, ಮೂಗಿಗೆ ಕರ್ಚೀಪು ಹಿಡಿದು, ಕಾಯಿ ಒಡೆದು ಹೊರಟುಬಿಡುವರು. ಒಂದು ವರ್ಷ ದೊಡ್ಡವ್ವ ಅವರನ್ನು ಬಿಡಲಿಲ್ಲ. “ಹಬ್ಬದ ದಿನ ಹಂಗ ಹೋಗಬ್ಯಾಡ್ರಿ ಯಜಮಾನ್ರ, ಚಾ ಕುಡದ ಹೋಗ್ರಿ” ಎಂದು ಹೊಗೆ ಬೀಳುವ ಕಡೆಗೇ ಹೊರಸು ಹಾಕಿಸಿದಳು. ಚಹಾ ಬರುವುದು ತಡವಾಯಿತು. ಬಂದ ಮೇಲೆ ಹಾಲು ಕಡಿಮೆಯಾಯಿತೆಂದು ಮತ್ತೆ ಒಳಗೆ ಹೋಯಿತು. ಅಷ್ಟರಲ್ಲಿ ಅವರ ಮನೆಯ ಮಕ್ಕಳು ಮರಿ, ಹೊಲ ಮಳೆ, ಎಮ್ಮೆ ಈದದ್ದು, ಎಲ್ಲವನ್ನೂ ಸಾವಕಾಶವಾಗಿ ವಿಚಾರಿಸಿದಳು. ಅವರು ಏಳುವ ಹೊತ್ತಿಗೆ ಧೋತರದ ಮೇಲೆಲ್ಲ ಕರಿಯ ಚುಕ್ಕೆ.

“ಈಗ ನೀವು ನಮ್ಮವ್ರ ಆದ್ರಿ ನೋಡ್ರಿ” ಎಂದಳು ದೊಡ್ಡವ್ವ.

ಸಾವಕಾರರಿಗೆ ಮುಖ ಕೆಂಪಾಯಿತು. ಆದರೆ ಆ ಹಬ್ಬದ ಬೆನ್ನಿಗೇ ಹೆಂಗಸರು ಕೂತು ಉಣ್ಣಲು ಹೊಗೆ ತಾಗದ ಕಡೆಗೊಂದು ತಗಡಿನ ಶೆಡ್ಡು ಎದ್ದಿತು, ಅದರೊಳಗೆ ಮುಚ್ಚಳವಿರುವ ನೀರಿನ ಹಂಡೆಯೂ ಬಂತು.

ಯಾರು ಏನೇ ಸುದ್ದಿ ತಂದರೂ ಪೂರ್ತಿ ಕೇಳಿ, “ಆತು, ಮುಂದ?” ಎನ್ನುವುದು ಅವಳ ರೂಢಿ. ನಾನು ಗಣಿತದಲ್ಲಿ ಫೇಲಾಗಿ ಅಳುತ್ತ ಬಂದರೂ “ಆತು, ಮುಂದ?” ಅಬ್ಬಾನ ಲಾರಿ ಯರಗಟ್ಟಿಯ ಹತ್ತಿರ ಕೆಟ್ಟು ನಿಂತರೂ “ಆತು, ಮುಂದ?” ಆ ಮಾತಿಗೆ ಕೆಲವರಿಗೆ ಸಿಟ್ಟು ಬರುತ್ತಿತ್ತು. ಅಳುವವರನ್ನು ಹೆಚ್ಚು ಹೊತ್ತು ಅಳಲು ಬಿಡದ ಮಾತು ಅದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗುಡ್ಡದ ಮೇಲೆ ಜೀಪುಗಳ ಓಡಾಟ ಶುರುವಾಯಿತು. ಉದ್ದನೆಯ ಕಬ್ಬಿಣದ ಕೋಲು ನೆಟ್ಟು ಗಾಳಿ ಅಳೆದರು. ಬಳಿಕ ಒಂದು ಬೆಳಿಗ್ಗೆ ಸಾವಕಾರರು ತಾವೇ ಬಂದು, ಶೆಡ್ಡಿನ ಮುಂದೆ ಎಲ್ಲರನ್ನೂ ಕರೆಸಿದರು. ಗುಡ್ಡದ ತಮ್ಮ ಜಮೀನನ್ನು ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಗೆ ಕೊಟ್ಟಿದ್ದರು. ಕಲ್ಲಿದ್ದಲು ತುಟ್ಟಿಯಾಗಿತ್ತು, ಹೊಗೆಯ ಬಗ್ಗೆ ಮೇಲಿನ ಅಧಿಕಾರಿಗಳ ತಕರಾರೂ ಬಂದಿತ್ತು.

“ಇವತ್ತಿಗೆ ಭಟ್ಟಿ ಬಂದ್. ಇನ್ನ ಗುಡ್ಡದ ಮ್ಯಾಲ ಗಾಳಿ ಫ್ಯಾನ ತಿರಗತಾವು. ಹೊಗಿ ಇಲ್ಲ, ಮಸಿ ಇಲ್ಲ. ನಿಮ್ಮ ಮಕ್ಕಳು ಛಲೋ ಗಾಳಿ ಕುಡೀತಾರ. ಖುಷಿ ಪಡ್ರಿ” ಎಂದರು.

“ಆತು, ಮುಂದ?” ಎಂದಳು ದೊಡ್ಡವ್ವ.

“ಮುಂದ ಏನು?”

“ಹೊಗಿ ಹೋತು, ಛಲೋ ಆತು. ಹೊಗಿ ಕುಡದವ್ರು ಎಲ್ಲಿ ಹೋಗಬೇಕ್ರಿ?”

ಸಾವಕಾರರು ಸುತ್ತ ನೋಡಿದರು. “ದುಡಿಯೋ ಮಂದಿಗೆ ಎಲ್ಲಾ ಕಡೆ ಕೆಲಸ ಐತಿ” ಎಂದು ಕಾರು ಹತ್ತಿದರು. ಮುಂದಿನ ವಾರ ಸವದತ್ತಿಯಲ್ಲಿ ಅವರಿಗೆ ಶಾಲು ಹೊದಿಸಿ, ಊರಿನ ಗಾಳಿ ಶುದ್ಧ ಮಾಡಿದವರೆಂದು ಸನ್ಮಾನ ಮಾಡಿದರಂತೆ.

ನಾನು ಹುಟ್ಟಿದಾಗಿನಿಂದ ಉರಿಯುತ್ತಿದ್ದ ಭಟ್ಟಿ ತಣ್ಣಗಾದಾಗ ಓಣಿಗೆ ಓಣಿಯೇ ದಿಕ್ಕು ತಪ್ಪಿತು. ಕೆಲವರು ಕಬ್ಬು ಕಡಿಯಲು ಹೋದರು. ಅಬ್ಬಾ ಲಾರಿಯ ಕೀಲಿಯನ್ನು ಸಾವಕಾರರ ಮನೆಗೆ ಕೊಟ್ಟು ಬಂದು, ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಆಗಲೇ ಭಟ್ಟಿಯ ಮ್ಯಾನೇಜರ ಎಲ್ಲರನ್ನೂ ಶೆಡ್ಡಿನ ಹತ್ತಿರ ಸೇರಿಸಿದ. ಅವನ ಕೆಲಸವೂ ಹೋಗಿತ್ತು. “ಗುಡ್ಡದ ಮ್ಯಾಲ ಪಾಯಾ ತೋಡೋ ಮಶೀನಿಗೆ ಬೆಂಕಿ ಇಟ್ರ ಕಂಪನಿಯವ್ರು ಓಡಿ ಹೋಗತಾರ. ಸಾವಕಾರ್ರು ಬ್ಯಾರೆ ದಾರಿ ಇಲ್ದ ಝಕ್ಕ ಮಾರಿ ಭಟ್ಟಿ ಮತ್ತ ಹಚ್ಚತಾರ” ಎಂದ. ಗಂಡಸರು ಹೌದೆಂದರು. ಅಬ್ಬಾ ಎಲ್ಲರಿಗಿಂತ ಮೊದಲು ಹೌದೆಂದರು.

ದೊಡ್ಡವ್ವ ಉಳಿದಿದ್ದ ಕಲ್ಲಿದ್ದಲಿನ ಗುಡ್ಡೆಯ ಮೇಲೆ ಹತ್ತಿ ನಿಂತಳು. “ಭಟ್ಟಿ ಮತ್ತ ಹಚ್ಚೂದು ಬ್ಯಾಡ” ಎಂದಳು.

ಗದ್ದಲವೆದ್ದಿತು. ಸಾವಕಾರ ಅವಳಿಗೆ ಏನು ತಿನ್ನಿಸಿದ್ದಾನೆಂದು ಒಬ್ಬ ಕೇಳಿದ. ಅಬ್ಬಾ ಮುಂದೆ ಬಂದರು.

“ಅಕ್ಕಾ, ನಿಮಗ ಮಕ್ಕಳಿಲ್ಲ. ನಮಗ ಅದಾವು. ಭಟ್ಟಿ ಆರಿದ್ರ ನಮ್ಮ ಮನಿ ಒಲಿ ಆರತೈತಿ.”

ಗದ್ದಲ ನಿಂತುಬಿಟ್ಟಿತು. ಅವಳಿಗೆ ಆ ಮಾತನ್ನು ಓಣಿಯಲ್ಲಿ ಯಾರೂ ಅಂದಿರಲಿಲ್ಲ. ನಾನು ಅಮ್ಮಿಯ ಸೆರಗು ಹಿಡಿದು ನಿಂತಿದ್ದೆ. ಆಗ ನಾನು ಸವದತ್ತಿಯ ಕಾಲೇಜಿಗೆ ಹೋಗುವ ವಯಸ್ಸಿನವಳು, ಸೆರಗು ಹಿಡಿಯುವ ವಯಸ್ಸಲ್ಲ.

“ನನಗ ಮಕ್ಕಳಿಲ್ಲ, ಖರೆ” ಎಂದಳು ದೊಡ್ಡವ್ವ. ದನಿ ಏರಿಸಲಿಲ್ಲ. “ಅದಕ್ಕ ನಿನ್ನ ಮಗಳ ಎದಿ ಬಗ್ಗೆ ಮಾತಾಡಾಕತ್ತೇನಿ. ಅಕಿ ಕೆಮ್ಮೂದು ದಾರಿ ದಾಟಿ ನನ್ನ ಮನಿಗೆ ಕೇಳಸತೈತಿ. ಒಂದ ಮನ್ಯಾಗ ಇರೋ ನಿನಗ ಕೇಳಸೂದಿಲ್ಲೇನು?”

ಅಬ್ಬಾ ಹಿಂದೆ ಸರಿದರು, ದೊಡ್ಡವ್ವ ಎಲ್ಲರ ಕಡೆ ತಿರುಗಿದಳು.

“ಹೊಗಿ ಕುಡದು ಸಾಯಿರಿ, ಇಲ್ಲಾ ಹಸದು ಸಾಯಿರಿ. ಇವೆರಡ ನಮಗ ಬಿಟ್ಟು ಕೊಟ್ಟಾರ, ನಾವು ಅದರಾಗ ಒಂದ ಆರಿಸಿಕೊಳ್ಳಾಕ ಕುಂತೇವಿ. ಯಾಕ ಆರಿಸಬೇಕು? ಗುಡ್ಡ ನಮ್ಮ ಊರಿಂದು. ಅದರ ಮ್ಯಾಲಿನ ಗಾಳಿ ಯಾರಪ್ಪಂದೂ ಅಲ್ಲ. ಆ ಕೆಲಸದಾಗ ನಮ್ಮ ಪಾಲ ಎಲ್ಲೈತಿ ಅಂತ ಕೇಳೂನು. ಬೆಂಕಿ ಹಚ್ಚೂದು ನಾವು ದಿನಾ ಮಾಡೇವಿ, ಅದರಾಗ ಏನ ಹೊಸಾದೈತಿ?”

ಆ ದಿನ ಗುಡ್ಡಕ್ಕೆ ಯಾರೂ ಹೋಗಲಿಲ್ಲ. ಆದರೆ ಓಣಿಯ ಅರ್ಧ ಜನ ಅವಳೊಂದಿಗೆ ಮಾತು ಬಿಟ್ಟರು. ಅಬ್ಬಾನೂ ಬಿಟ್ಟರು. ಆಕೆ ಮಾತ್ರ ಎಂದಿನಂತೆ ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ಬಂದು ಕೂತು ಅಮ್ಮಿಯನ್ನು ಕೂಗುತ್ತಿದ್ದಳು: “ಚಾ ತಾರವಾ. ಸಿಟ್ಟು ನಿನ್ನ ಗಂಡನ ಮ್ಯಾಲೈತಿ, ಚಾದ ಮ್ಯಾಲಿಲ್ಲ.” ಅಬ್ಬಾ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು.

ಆ ಬೇಸಿಗೆಯೆಲ್ಲ ದೊಡ್ಡವ್ವ ಸವದತ್ತಿಯಲ್ಲಿದ್ದ ಕಂಪನಿಯ ಆಫೀಸಿಗೆ ಅಲೆದಳು. ನೋಡೋಣ ಎಂದರು, ಮೇಲಿನವರಿಗೆ ಹೇಳುತ್ತೇವೆ ಎಂದರು. ಅಷ್ಟರಲ್ಲಿ ಕಾವಲಿಗೆ ಬೇರೆ ಊರಿನವರು ಬಂದರು, ರಸ್ತೆಯ ಕೆಲಸಕ್ಕೂ ಹೊರಗಿನವರೇ ಬಂದರು. ಗುಡ್ಡದಿಂದ ಕರೆಂಟು ಒಯ್ಯುವ ದೊಡ್ಡ ಕಂಬಗಳು ನಮ್ಮ ಓಣಿಯ ಪಕ್ಕದಲ್ಲೇ ಹಾದುಹೋದವು. ಸಾವಕಾರರ ಜಾಗದಲ್ಲಿ ಕಟ್ಟಿದ ನಮ್ಮ ಮನೆಗಳಿಗೆ ಅಲ್ಲಿಯವರೆಗೂ ಕರೆಂಟು ಇರಲಿಲ್ಲ, ಸೀಮೆಎಣ್ಣೆಯ ಚಿಮಣಿಯಲ್ಲೇ ನಾನು ಓದಿದ್ದು. ದೊಡ್ಡವ್ವ ತಂತಿಗಳನ್ನು ನೋಡಿ, “ತಲಿ ಮ್ಯಾಲ ಬೆಳಕು, ಮನಿಯಾಗ ಕತ್ತಲಿ. ಹಿಂಗೂ ಒಂದ ಚ್ಯಾಷ್ಟಿ ಇರತೈತೇನವಾ?” ಎಂದಳು.

ಆಮೇಲೆ ರೆಕ್ಕೆಗಳು ಬಂದವು.

ಗಾಳಿಯಂತ್ರದ ಒಂದೊಂದು ರೆಕ್ಕೆಯೂ ನಮ್ಮ ಓಣಿಯಷ್ಟು ಉದ್ದ. ಅವನ್ನು ಹೊತ್ತ ಟ್ರೇಲರುಗಳು ಮನೋಳಿಯ ಕಡೆಯಿಂದ ಇರುವೆ ಸಾಲಿನ ಹಾಗೆ ಬಂದು ನಮ್ಮ ತಿರುವಿನಲ್ಲಿ ನಿಂತವು. ತಿರುಗಲು ಜಾಗ ಸಾಲಲಿಲ್ಲ. ಅಡ್ಡ ಬಂದದ್ದು ದೊಡ್ಡವ್ವನ ಮನೆಯ ಮುಂದಿನ ಪಡಸಾಲೆಯ ಗೋಡೆ. ಕಂಪನಿಯ ಸಾಹೇಬ, ಉತ್ತರದ ಕಡೆಯವನು, ಹಿಂದಿ ಬಿಟ್ಟು ಬೇರೆ ಬಾರದವನು, ಗೋಡೆ ಕೆಡವಲು ಪರಿಹಾರ ಕೊಡುತ್ತೇವೆಂದು ಹೇಳಿ ಕಳಿಸಿದ. ದೊಡ್ಡವ್ವ ಬಾಗಿಲಿಗೆ ಬಂದು, ರೆಕ್ಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಹೊರಗೆ ಬಂದು ಟ್ರೇಲರಿನ ಮುಂದೆ ರಸ್ತೆಯ ನಡುವೆ ಕೂತಳು.

ಒಬ್ಬೊಬ್ಬರೇ ಹೆಂಗಸರು ಬಂದು ಪಕ್ಕದಲ್ಲಿ ಕೂತರು. ಅಮ್ಮಿಯೂ ಹೋದಳು. ಅಬ್ಬಾ ಬಾಗಿಲಲ್ಲಿ ನಿಂತು, “ಏ, ಬಾ ಒಳಗ” ಎಂದರು. ಅಮ್ಮಿ ಕೇಳಿಸದವರ ಹಾಗೆ ಸೆರಗು ಸರಿಮಾಡಿಕೊಂಡಳು.

ಸಂಜೆಯ ಹೊತ್ತಿಗೆ ರಸ್ತೆಯಲ್ಲೇ ಒಲೆ ಹೂಡಿದರು. ರೆಕ್ಕೆಯ ನೆರಳಿನಲ್ಲಿ ಜೋಳ ಹಸನು ಮಾಡಿದರು, ಟ್ರೇಲರಿನ ಕಬ್ಬಿಣಕ್ಕೆ ಸೀರೆ ಕಟ್ಟಿ ಕೂಸುಗಳನ್ನು ತೂಗಿದರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಹಿಂದೆ ವಾಹನಗಳ ಸಾಲು ಬೆಳೆಯಿತು. ಡ್ರೈವರುಗಳಿಗೆ ದೊಡ್ಡವ್ವ ತಾನೇ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. “ನಿಮ್ಮ ಮ್ಯಾಲ ನಮಗ ಸಿಟ್ಟಿಲ್ಲಪಾ. ಹಸಗೊಂಡು ನನ್ನ ಮಾರಿ ನೋಡಬ್ಯಾಡ್ರಿ.”

ಅವರಲ್ಲೊಬ್ಬ ವಯಸ್ಸಾದವನು ತಣ್ಣಗಾದ ಭಟ್ಟಿಯನ್ನು ನೋಡುತ್ತ, ಅದರಲ್ಲಿ ಏನು ಸುಡುತ್ತಿದ್ದಿರಿ ಎಂದು ಕೇಳಿದ. ಮನೆಯಲ್ಲಿ ಉರ್ದು ಆಡುವ ನನಗೆ ಅವನ ಹಿಂದಿ ತಿಳಿಯಿತು, ಕಲ್ಲಿದ್ದಲು ಎಂದೆ. ಅವನದು ಪೂರ್ವದ ಕಡೆಯ ಕಲ್ಲಿದ್ದಲು ಗಣಿಯ ಸೀಮೆ. ಗಣಿಗಾಗಿ ಅವನ ಊರನ್ನು ಎಬ್ಬಿಸಿದ್ದರು. ಇದ್ದಲು ಮುಗಿದ ಮೇಲೆ ಗಣಿಯನ್ನೂ ಮುಚ್ಚಿದರು, ಆಗ ಅಲ್ಲಿ ಊರೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಹಾಗಾಗಿ ಸ್ಟಿಯರಿಂಗ್ ಹಿಡಿದಿದ್ದ.

ನಾನು ಅದನ್ನು ಹೇಳಿದಾಗ ದೊಡ್ಡವ್ವ ಭಟ್ಟಿಯ ಕಡೆ ತಿರುಗಿ ನೋಡಿದಳು. ಆಮೇಲೆ ಅವನಿಗೆ ಕನ್ನಡದಲ್ಲೇ ಕೇಳಿದಳು:

“ಹಂಗಾರ ನಾವು ಇಲ್ಲಿ ಸುಟ್ಟಿದ್ದು ನಿಮ್ಮ ಊರೇನಪಾ?”

ಅವನಿಗೆ ಮಾತು ತಿಳಿಯಲಿಲ್ಲ, ನನ್ನನ್ನು ನೋಡಿದ. ನಾನು ಹೇಳಿದೆ. ಅವನು ತಟ್ಟೆ ಕೆಳಗಿಟ್ಟು ಹೌದೆಂಬಂತೆ ತಲೆಯಾಡಿಸಿದ. ಈ ಎಲ್ಲವನ್ನೂ ಅಬ್ಬಾ ನಮ್ಮ ಬಾಗಿಲಿನಿಂದ ಕೇಳುತ್ತಿದ್ದರು. ಆ ಇದ್ದಲನ್ನು ಇಷ್ಟು ವರ್ಷ ತಂದದ್ದು ಅವರ ಲಾರಿ. ಅವರು ಹೊರಗೆ ಬಂದು ಆ ಡ್ರೈವರನ ಪಕ್ಕದಲ್ಲಿ ಕೂತು ಬೀಡಿಯ ಕಟ್ಟು ಮುಂದೆ ಚಾಚಿದರು. ದೊಡ್ಡವ್ವ ಅವರ ಕಡೆ ನೋಡಲೂ ಇಲ್ಲ. ಆದರೂ ಅವರ ಮುಂದೆಯೂ ತಟ್ಟೆ ಇಟ್ಟು ಒಂದು ರೊಟ್ಟಿ ಹಾಕಿದಳು.

ಕೊನೆಗೆ ತಹಸೀಲ್ದಾರರು, ಪೊಲೀಸರು, ಕಂಪನಿಯ ಸಾಹೇಬ ಎಲ್ಲರೂ ಒಟ್ಟಿಗೆ ಬಂದರು. ಸಾಹೇಬನೊಂದಿಗೆ ಮಾತಾಡಲು ದೊಡ್ಡವ್ವ ನನ್ನನ್ನು ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. “ನಾ ಹೇಳಿದ್ದನ್ನ ಹಂಗ ಹೇಳು. ಮೆತ್ತಗ ಮಾಡಿ ಹೇಳಬ್ಯಾಡ.”

ನಾನು ಅವಳ ಪಕ್ಕದಲ್ಲಿ ನಿಂತೆ. ಇವತ್ತು ನಾನು ಸವದತ್ತಿಯ ಕೋರ್ಟಿನಲ್ಲಿ ಕೂಲಿಕಾರರ ಪರವಾಗಿ ನಿಲ್ಲುವ ವಕೀಲೆ. ಕಾನೂನನ್ನು ಹುಬ್ಬಳ್ಳಿಯಲ್ಲಿ ಕಲಿತೆ. ಒಬ್ಬರ ಮಾತನ್ನು ಇನ್ನೊಬ್ಬರ ಮುಂದೆ ಕುಂದಿಲ್ಲದಂತೆ ಇಡುವುದನ್ನು ಮಾತ್ರ ಆ ರಸ್ತೆಯ ಮೇಲೆ ಕಲಿತೆ.

ಸಾಹೇಬ ಒಳ್ಳೆಯ ಮಾತಿನಲ್ಲೇ ಶುರುಮಾಡಿದ. ಇದು ದೇಶದ ಕೆಲಸ, ಶುದ್ಧ ಕರೆಂಟಿನ ಕೆಲಸ, ನೀವು ಅಡ್ಡ ಕೂಡುವುದು ಸರಿಯಲ್ಲ ಎಂದ.

“ಶುದ್ಧ ಕರೆಂಟಿಗೆ ನಾ ಅಡ್ಡ ಇಲ್ಲ” ಎಂದಳು ದೊಡ್ಡವ್ವ. “ಹೊಗಿ ಬ್ಯಾಡ ಅಂತ ನಿಮಗಿಂತ ಮೊದಲ ಹೇಳಿದಾಕಿ ನಾನು. ಆದ್ರ ಕರೆಂಟ ಅಷ್ಟ ಶುದ್ಧ ಆದ್ರ ಸಾಕೇನು? ನಮ್ಮನ್ನ ಬೀದಿಗೆ ಹಾಕಿ ತಗದ ಕರೆಂಟು ಎಲ್ಲಿ ಶುದ್ಧ ಆತು?”

ನಾನು ಹಾಗೆಯೇ ಹೇಳಿದೆ. ತಹಸೀಲ್ದಾರರು ನಡುವೆ ಬಂದು, “ಏನ ಬೇಕಬೇ ನಿನಗ? ಗ್ವಾಡಿ ರೊಕ್ಕ ಕೊಡತಾರಲ್ಲ” ಎಂದರು.

“ಬೇ ಗೀ ಅನಬ್ಯಾಡ್ರಿ ಸಾಹೇಬ್ರ, ನಾ ನಿಮಗ ರೀ ಅಂತೇನಿ. ಗ್ವಾಡಿ ರೊಕ್ಕ ಬ್ಯಾಡ. ಭಟ್ಟ್ಯಾಗ ದುಡದ ಒಂದೊಂದ ಮನಿಗೂ ಗುಡ್ಡದ ಮ್ಯಾಲ ಒಂದ ಕೆಲಸ ಬೇಕು. ಆ ತಂತ್ಯಾಗಿಂದ ನಮ್ಮ ಓಣಿಗೆ ಬೆಳಕ ಬೇಕು. ಮತ್ತ ಈ ಎಲ್ಲಾರ ಎದಿ ಡಾಕ್ಟರ್ರು ನೋಡಬೇಕು, ಔಷಧ ಕೊಡಬೇಕು. ಸಾವಕಾರ್ರ ಕಡೆ ವಸೂಲ ಮಾಡತೀರೋ, ಕಂಪನಿ ಕಡೆ ಮಾಡತೀರೋ, ಅದು ನಿಮ್ಮ ನಿಮ್ಮ ಬಗಿಹರಿಕಿ.”

ಗಂಡಸರಿಗೆ ಕೆಲಸ ಕೊಡಬಹುದು, ಹೆಂಗಸರು ಇಷ್ಟು ಎತ್ತರದ ಯಂತ್ರಗಳಲ್ಲಿ ಏನು ಮಾಡುತ್ತಾರೆ ಎಂದು ಸಾಹೇಬ ನಕ್ಕ. ಅದನ್ನು ಕನ್ನಡಕ್ಕೆ ತಂದಾಗ ದೊಡ್ಡವ್ವ ಭಟ್ಟಿಯ ಕಡೆ ಕೈ ಮಾಡಿದಳು.

“ಅದರ ನೆತ್ತಿ ಹತ್ತಿ, ಉರಿಯೋ ಬಾಯಿಗೆ ಬುಟ್ಟಿ ಸುರವಿದವ್ರು ಇವ್ರು. ಗಾಳಿಗೆ ಅಂಜತಾರೇನು? ನಮ್ಮ ಹುಡಿಗ್ಯಾರಿಗೆ ಕಲಸ್ರಿ. ಬರಲಿಲ್ಲಂದ್ರ ಆಮ್ಯಾಲ ನಗ್ರಿ.”

ಪೊಲೀಸಿನವನೊಬ್ಬ ಲಾಠಿ ಎತ್ತಿ ಹೆಂಗಸರ ಕಡೆ ಬಂದ. ಆಗ ಟ್ರೇಲರಿನ ಆ ವಯಸ್ಸಾದ ಡ್ರೈವರ ತನ್ನ ಗಾಡಿಯ ಕೀಲಿ ಕಿತ್ತುಕೊಂಡು ಕೆಳಗಿಳಿದ. ಹಿಂದಿನವನೂ ಇಳಿದ. ಕೂತವರ ಮೇಲೆ ಕೈ ಎತ್ತಿದರೆ ತಾವು ಗಾಡಿ ಮುಟ್ಟುವುದಿಲ್ಲವೆಂದರು. ಸಾಹೇಬನ ನಗು ಅಲ್ಲಿಗೆ ನಿಂತಿತು. ಅವನೂ ತಹಸೀಲ್ದಾರರೂ ಬೇವಿನ ಮರದ ಕೆಳಗೆ ಹೋಗಿ, ಬೈಲಹೊಂಗಲಕ್ಕೆ ಮನುಷ್ಯನನ್ನು ಕಳಿಸಿ ಸಾವಕಾರರನ್ನು ಕರೆಸಿ, ಮಧ್ಯಾಹ್ನವೆಲ್ಲ ಮಾತಾಡಿದರು. ಕೊನೆಗೆ ಕೆಲಸಕ್ಕೂ ಬೆಳಕಿಗೂ ಒಪ್ಪಿ, ಊರ ಹಿರಿಯರೆದುರು ಮಾತು ಕೊಟ್ಟರು. ಡಾಕ್ಟರ ವಿಷಯಕ್ಕೆ ಮಾತ್ರ ನೋಡೋಣ ಎಂದರು.

ಗೋಡೆ ಕೆಡವಲು ಕಂಪನಿಯ ಆಳುಗಳು ಮುಂದೆ ಬಂದರು. ದೊಡ್ಡವ್ವ ಅವರನ್ನು ತಡೆದಳು.

“ಗ್ವಾಡಿ ನಂದು. ನಾನ ಕೆಡವತೇನಿ.”

ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಹಾರೆ ತೆಗೆದುಕೊಂಡು, ತಾನೂ ಗಂಡನೂ ಕೂಡಿ ಕಟ್ಟಿದ ಗೋಡೆಗೆ ಮೊದಲ ಪೆಟ್ಟು ಹಾಕಿದಳು. ಎರಡನೇ ಪೆಟ್ಟಿಗೆ ಕೆಮ್ಮು ಬಂತು. ಗೋಡೆಗೇ ಕೈ ಊರಿ ಬಗ್ಗಿ ನಿಂತು ಕೆಮ್ಮಿದಳು. ಯಾರೂ ಅವಳ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಅಬ್ಬಾ ಹೋದರು. “ತರ್ರಿ ಅಕ್ಕಾ” ಎಂದು ಕೈ ಚಾಚಿದರು. ಅವಳು ಹಾರೆಯನ್ನು ಬಿಡಲಿಲ್ಲ. ಅವರು ಅದರ ಇನ್ನೊಂದು ತುದಿ ಹಿಡಿದರು. ಇಬ್ಬರೂ ಕೂಡಿಯೇ ಕೆಡವಿದರು. ರೆಕ್ಕೆ ಸಾವಕಾಶವಾಗಿ, ಅವಳ ಬಾಗಿಲಿಗೆ ಒಂದು ಮೊಳ ಅಂತರದಲ್ಲಿ ತಿರುಗಿ ಗುಡ್ಡದ ದಾರಿ ಹಿಡಿಯಿತು. ಹೆಂಗಸರು ಅದಕ್ಕೆ ಕುಂಕುಮ ಎರಚಿದರು.

ಮಾತು ಕೊಟ್ಟದ್ದೆಲ್ಲ ತಾನಾಗಿ ಬರಲಿಲ್ಲ. ಒಂದೊಂದಕ್ಕೂ ಅವಳು ಮತ್ತೆ ಹೋಗಿ ಬಾಗಿಲು ಬಡಿಯಬೇಕಾಯಿತು. ಆದರೂ ದೀಪಾವಳಿಯ ಹೊತ್ತಿಗೆ ಓಣಿಗೆ ಕರೆಂಟು ಬಂತು. ಮೊದಲ ಸಂಜೆ ದೊಡ್ಡವ್ವ ಬಲ್ಬಿನ ಕೆಳಗೆ ಕೂತು ತನ್ನ ಅಂಗೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡದ್ದು ನನಗೆ ನೆನಪಿದೆ. ಅಬ್ಬಾಗೆ ಗುಡ್ಡದ ಕೆಲಸಗಾರರನ್ನು ಒಯ್ಯುವ ಜೀಪು ಸಿಕ್ಕಿತು. ಕಾವಲಿಗೆ, ರಸ್ತೆಗೆ ನಮ್ಮವರು ಹೋದರು. ಓಣಿಯ ಇಬ್ಬರು ಹುಡುಗಿಯರು ಯಂತ್ರದ ಕೆಲಸ ಕಲಿತು ಗೋಪುರ ಹತ್ತಿದರು. ಅವರು ಮೊದಲ ಸಲ ಹತ್ತಿದ ದಿನ ದೊಡ್ಡವ್ವ ಗುಡ್ಡದ ಬುಡದಲ್ಲಿ ಕೂತು, ಕೆಳಗಿನಿಂದಲೇ, “ಕೆಳಗ ನೋಡಬ್ಯಾಡ್ರವಾ, ಮ್ಯಾಲ ನೋಡ್ರಿ!” ಎಂದು ಕೂಗಿದಳು. ಎಲ್ಲ ಮನೆಗೂ ಕೆಲಸ ಸಿಗಲಿಲ್ಲ. ಸಿಗದವರ ಹೆಸರುಗಳನ್ನು ಆಕೆ ಬಾಯಿಪಾಠ ಮಾಡಿಕೊಂಡು, ಸಾಹೇಬ ಕಂಡಲ್ಲೆಲ್ಲ ಹೇಳುತ್ತಿದ್ದಳು. ಅವನು ಅವಳನ್ನು ಕಂಡರೆ ಜೀಪಿನ ಗಾಜು ಏರಿಸುವುದನ್ನು ಕಲಿತ.

ಡಾಕ್ಟರು ಮಾತ್ರ ಬರಲಿಲ್ಲ. ವರ್ಷಗಳು ಕಳೆದವು, ಸಾಹೇಬರು ಬದಲಾದರು, ಉತ್ತರ ಅದೇ ಉಳಿಯಿತು.

ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಾಗ ಅವಳಿಗೆ ಉಸಿರು ಹಿಡಿಯಲು ಶುರುವಾಯಿತು. ಅಬ್ಬಾ ಧಾರವಾಡದ ದವಾಖಾನೆಗೆ ಸ್ವಂತ ಖರ್ಚಿನಲ್ಲಿ ಕರೆದುಕೊಂಡು ಬಂದರು, ನಾನೂ ಹೋದೆ. ಎಳೆಯ ವಯಸ್ಸಿನ ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, “ಬೀಡಿ ಸೇದತಿದ್ರೇನ್ರಿ ಅಜ್ಜಿ?” ಎಂದು ಕೇಳಿದರು.

“ನಾ ಸೇದಲಿಲ್ಲಪಾ” ಎಂದಳು ದೊಡ್ಡವ್ವ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತ. “ನನಗ ಸೇದಿಸಿದ್ರು.”

ದವಾಖಾನೆಯಲ್ಲಿ ಇರಲು ಒಪ್ಪಲಿಲ್ಲ. ಊರಿಗೆ ಬಂದು, ಗೋಡೆ ಇಲ್ಲದ ಆ ಪಡಸಾಲೆಯಲ್ಲಿ ಹೊರಸು ಹಾಕಿಸಿಕೊಂಡು ಮಲಗಿದಳು. ನೋಡಲು ಬಂದ ಹೆಂಗಸರಿಗೆಲ್ಲ ಒಂದೇ ಮಾತು: “ಅಳೂದು ಆಮ್ಯಾಲ. ಡಾಕ್ಟರ್ರನ್ನ ಬಿಡಬ್ಯಾಡ್ರಿ.” ಮುಂಗಾರಿನ ಮೊದಲ ಮೋಡಗಳು ಗುಡ್ಡದ ಮೇಲೆ ಕೂತ ದಿನ, ನಡುಮಧ್ಯಾಹ್ನ, ಅಮ್ಮಿಯ ಕೈಯಿಂದ ನೀರು ಕುಡಿದು, ಹೋದಳು.

ಅವರ ಪದ್ಧತಿಯಂತೆ ಕೂರಿಸಿ, ಹೂವು ಕಟ್ಟಿ, ಭಜನೆಯೊಂದಿಗೆ ಒಯ್ದರು. ಹೆಗಲು ಕೊಟ್ಟವರಲ್ಲಿ ಅಬ್ಬಾನೂ ಇದ್ದರು. ಯಾರೂ ಏನೂ ಅನ್ನಲಿಲ್ಲ. ಗುಡ್ಡದ ಕೆಲಸಗಾರರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಯಂತ್ರ ಹತ್ತುವ ಆ ಇಬ್ಬರು ಹುಡುಗಿಯರು ಬಿಕ್ಕುತ್ತ ಮುಂದೆ ನಡೆದರು.

ಕರ್ಮಾಂತರ ಮುಗಿದ ಮೇಲೆ ಹೆಂಗಸರು ನನ್ನನ್ನು ಕರೆದುಕೊಂಡು ಗುಡ್ಡದ ಬುಡದಲ್ಲಿದ್ದ ಕಂಪನಿಯ ಆಫೀಸಿಗೆ ಹೋದರು. ಅಬ್ಬಾನ ಜೀಪು ಆ ಗೇಟಿನೊಳಗೇ ನಿಂತಿತ್ತು. ಹೊಸ ಸಾಹೇಬ ಒಳ್ಳೆಯವನೇ. ನಮ್ಮನ್ನು ಕೂರಿಸಿ, ಸುದ್ದಿ ಕೇಳಿ ಬೇಸರವಾಯಿತೆಂದ. ಆಮೇಲೆ, ಡಾಕ್ಟರ ವಿಷಯ ಆ ಅಜ್ಜಿಯದಾಗಿತ್ತು, ಈಗ ಅವರೇ ಇಲ್ಲವಲ್ಲ, ಇಲ್ಲಿಗೆ ಮುಗಿಸೋಣ ಎಂದ.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದ ಅಬ್ಬಾ ಒಳಗೆ ಬಂದರು. ಜೇಬಿನಿಂದ ಜೀಪಿನ ಕೀಲಿ ತೆಗೆದು ಸಾಹೇಬನ ಮೇಜಿನ ಮೇಲಿಟ್ಟರು. ಅದು ನಮ್ಮ ಮನೆಯ ಅನ್ನ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊರಗೆ ಹೋಗಿ, ಗೇಟಿನ ನಟ್ಟನಡುವೆ ಟವೆಲು ಹಾಸಿ ಕೂತರು. ಹೆಂಗಸರು ಎದ್ದು ಹೋಗಿ ಅವರ ಹಿಂದೆ ಕೂತರು. ಸ್ವಲ್ಪ ಹೊತ್ತಿಗೆ ಗುಡ್ಡದಿಂದ ಇಳಿದು ಬಂದ ಕೆಲಸಗಾರರೂ ಕೂತರು.

ಆ ಮಳೆಗಾಲ ಮುಗಿಯುವುದರೊಳಗೆ ಡಾಕ್ಟರ ಗಾಡಿ ಭಟ್ಟಿ ಓಣಿಗೆ ಬಂತು. ಎದೆಯ ಫೋಟೋ ತೆಗೆಯುವ ಯಂತ್ರವೂ ಜೊತೆಗಿತ್ತು. ಶಾಲೆಯ ಅಂಗಳದಲ್ಲಿ ಮಂದಿ ಸಾಲು ಹಚ್ಚಿದರು, ಆದರೆ ಏನು ಹೇಳಿಬಿಡುತ್ತಾರೋ ಎಂಬ ಭಯಕ್ಕೆ ಮುಂದೆ ಹೆಜ್ಜೆ ಇಡುವವರಿಲ್ಲ. ಅಬ್ಬಾ ಸಾಲಿನಿಂದ ಹೊರಗೆ ಬಂದು, ಎಲ್ಲರೆದುರಿಗೆ ಅಂಗಿಯ ಗುಂಡಿ ಬಿಚ್ಚುತ್ತ, ಡಾಕ್ಟರ ಮುಂದೆ ಹೋಗಿ ನಿಂತರು.

ಡಾಕ್ಟರು ಪೆನ್ನು ತೆಗೆದು, ಎದೆಗೆ ಏನು ತಾಗಿದೆ ಎಂದು ಕೇಳಿದರು. “ಬರಕೋರಿ” ಎಂದರು ಅಬ್ಬಾ. “ಭಟ್ಟಿ ಹೊಗಿ.”